ಕಡೆಗಣಿಸಿದವರ ಹನ್ನೊಂದು ಮಂದಿ

ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವವನಿಗೆ ವರುಷಕ್ಕೊಮ್ಮೆ ಒಂದು ಸಂಕಟ ತಪ್ಪದೆ ಒದಗುತ್ತದೆ. ‘ಕವಿರಾಜಮಾರ್ಗ’ದ ಪ್ರಸ್ತಾಪ ಬಂದಾಗ ಅದರಲ್ಲಿ ಹೆಸರಿಸಿರುವ ಪೂರ್ವಕವಿಗಳ ಪಟ್ಟಿಯನ್ನು ಒಪ್ಪಿಸಲೇಬೇಕು. ಗದ್ಯಕ್ಕೆ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ; ಪದ್ಯಕ್ಕೆ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇಷ್ಟು ಹೇಳಿ ನಿಲ್ಲಿಸಿದೊಡನೆ ಹುಡುಗರು ಲೇಖನಿ ಎತ್ತಿಕೊಂಡು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾರೆ. ಮುಂದಿನ ವಾಕ್ಯವೇ ಇಲ್ಲ. ಶ್ರೀವಿಜಯನ ಮಾತು ಬೇರೆ. ಆ ಗ್ರಂಥವೇ ಅವನದೆಂಬ ವಾದವುಂಟು. ಉಳಿದವರ ಹೆಸರು ನಿಂತಿದೆ, ಬರೆದದ್ದು ನಿಂತಿಲ್ಲ.

ಒಂದು ಮಳೆಗಾಲದಲ್ಲಿ ಈ ಪಟ್ಟಿಯನ್ನು ಒಪ್ಪಿಸಿ ನಾನು ಎಂದಿನಂತೆ ಸುಮ್ಮನೆ ನಿಂತಿದ್ದಾಗ ಮೂಡಲಗಿಯ ಕಡೆಯ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದು, “ಸರ, ಇವ್ರೆಲ್ಲಾ ಇಂಡಿಯಾಕ್ಕ ಎರಡ ಮ್ಯಾಚ್ ಆಡಿ ಹೋದೋರ ಹಂಗ ಅದಾರಲ್ರಿ” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ನಡೆದುಹೋಗುವಾಗ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಹುಡುಗ ಹಾಸ್ಯಕ್ಕೆ ಆಡಿದ ಮಾತಿನಲ್ಲಿ ವಿಮರ್ಶೆಯೊಂದು ಅಡಗಿತ್ತು. ಆರ್. ನರಸಿಂಹಾಚಾರ್ಯರ ‘ಕವಿಚರಿತೆ’ಯ ಪುಟಗಳಿಗೂ ಕ್ರಿಕೆಟ್ಟಿನ ಅಂಕಿಪುಸ್ತಕಕ್ಕೂ ಹತ್ತಿರದ ನೆಂಟಸ್ತಿಕೆಯುಂಟು. ಎರಡರಲ್ಲಿಯೂ ಮಹಾಕವಿಗೆ ಹಲವು ಪುಟ, ಅಲ್ಪಕವಿಗೆ ಎರಡು ಸಾಲು. ಎರಡು ಸಾಲಿನವನ ಮನೆಯಲ್ಲಿಯೂ ಒಂದು ಕಾಲಕ್ಕೆ ದೀಪ ಉರಿದಿತ್ತು ಎಂಬುದನ್ನು ಎರಡೂ ಪುಸ್ತಕ ಹೇಳುವುದಿಲ್ಲ.

ನಾಲ್ಕಾರು ದಿನಗಳಲ್ಲಿ ಘಟಪ್ರಭೆ ತುಂಬಿ ಬಂದಳು. ಲೋಳಸೂರ ಸೇತುವೆಯ ಮೇಲೆ ನೀರು ಹರಿಯತೊಡಗಿದರೆ ಗೋಕಾಕದ ಬದುಕು ಹೇಗೆ ಅರ್ಧಕ್ಕರ್ಧ ನಿಂತುಹೋಗುತ್ತದೆಂಬುದನ್ನು ಈ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತರಗತಿಗೆ ಬಂದವರು ವಸತಿಗೃಹದಲ್ಲಿ ಉಳಿದಿದ್ದ ಹತ್ತು ಹನ್ನೆರಡು ಮಂದಿ. ಪಾಠ ಮುಂದುವರಿಸಿದರೆ ಇಲ್ಲದವರಿಗೆ ಅನ್ಯಾಯ. ಬಿಟ್ಟು ಕಳಿಸಿದರೆ ಇದ್ದವರಿಗೆ ಬೇಸರ. ಆಗ ನಾನೇ ಹೇಳಿದೆ: “ಎರಡು ಪಂದ್ಯ ಆಡಿ ಹೋದವರದೇ ಒಂದು ತಂಡ ಕಟ್ಟೋಣ, ಬನ್ನಿರಿ.” ಹಲಗೆಯ ಮೇಲೆ ಒಂದರಿಂದ ಹನ್ನೊಂದರವರೆಗೆ ಅಂಕಿ ಬರೆದೆ.

ನಾನು ಕ್ರಿಕೆಟ್ ಪಂಡಿತನಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುವುದು ಮೇಲು. ನಮ್ಮ ಕಡೆ ಕುಸ್ತಿಯೇ ಹಿರಿಯ ಆಟ. ಜಾತ್ರೆಯ ಕಣದಲ್ಲಿ ಆಯ್ಕೆ ಸಮಿತಿಯೆಂಬುದಿಲ್ಲ. ಬೆನ್ನು ಮಣ್ಣಿಗೆ ತಾಗಿದವನು ಸೋತ, ತಾಗಿಸಿದವನು ಗೆದ್ದ. ಊರೆಲ್ಲ ನೋಡುತ್ತಿರುತ್ತದೆ, ನ್ಯಾಯವೂ ಅಲ್ಲಿಯೇ ಮುಗಿಯುತ್ತದೆ. ಕ್ರಿಕೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಆಟಗಾರನನ್ನು ಆಡಿಸದೆಯೇ ಸೋಲಿಸಬಹುದು. ಒಂದು ಹಾಳೆಯ ಮೇಲೆ ಅವನ ಹೆಸರನ್ನು ಬರೆಯದಿದ್ದರಾಯಿತು.

ತಂಡಕ್ಕೆ ಮೂರು ನಿಯಮಗಳನ್ನು ಮಾಡಿಕೊಂಡೆವು. ಆಟಗಾರ ಕನ್ನಡ ನಾಡಿನಲ್ಲಿ ಹುಟ್ಟಿದವನಾಗಿರಬೇಕು, ಇಲ್ಲವೆ ಕರ್ನಾಟಕಕ್ಕೋ ಹಳೆಯ ಮೈಸೂರಿಗೋ ಆಡಿದವನಾಗಿರಬೇಕು. ಭಾರತದ ಪರವಾಗಿ ಒಂದಾದರೂ ಪಂದ್ಯ ಆಡಿರಬೇಕು. ನಾಡೆಲ್ಲ ಹಾಡಿ ಹೊಗಳಿದ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಶ್ರೀನಾಥ್, ಕುಂಬ್ಳೆ, ದ್ರಾವಿಡ್ ಮೊದಲಾದವರು ಬೇಡ. ಅವರಿಗೆ ನಮ್ಮ ಹಲಗೆಯ ಅಗತ್ಯವಿಲ್ಲ.

ಮೊದಲ ಆಕ್ಷೇಪಣೆ ಹುಕ್ಕೇರಿಯ ಹುಡುಗಿಯಿಂದ ಬಂತು. “ಎರಡ ಟೆಸ್ಟ್ ಆಡಿ ನಾಲ್ಕ ವಿಕೆಟ್ ತೊಗೊಂಡವ್ರನ್ನ ಕಡೆಗಣಿಸ್ಯಾರ ಅಂತ ಹ್ಯಾಂಗ ಅಂತೀರಿ ಸರ? ಅವಕಾಶ ಕೊಟ್ಟಿದ್ರಲ್ಲಾ? ಆಗಲಿಲ್ಲ, ಬಿಟ್ರು.” ಪ್ರಶ್ನೆ ಸರಿಯಾದುದೇ. ಕನ್ನಡದ ಅಧ್ಯಾಪಕನಾದವನು ಇಂಥ ಸಂದರ್ಭದಲ್ಲಿ ಶಬ್ದದ ಆಶ್ರಯ ಪಡೆಯುತ್ತಾನೆ. ಸೋಲುವುದು ಬೇರೆ, ಕೈಬಿಡುವುದು ಬೇರೆ, ಕಡೆಗಣಿಸುವುದು ಬೇರೆ ಎಂದೆ. ಆಡಿ ಆಗದವನು ಸೋತವನು. ಆಡಬಲ್ಲನೆಂದು ಗೊತ್ತಿದ್ದೂ ಇನ್ನೊಬ್ಬನಿಗಾಗಿ ಬಿಟ್ಟದ್ದಾದರೆ ಅವನು ಕೈಬಿಟ್ಟವನು. ಆಡಬಲ್ಲನೋ ಇಲ್ಲವೋ ಎಂದು ನೋಡುವಷ್ಟು ಹೊತ್ತು ಅವನ ಕಡೆಗೆ ಕಣ್ಣನ್ನೇ ತಿರುಗಿಸದಿದ್ದರೆ, ಕಡೆಯವನೆಂದು ಮೊದಲೇ ಎಣಿಸಿಬಿಟ್ಟರೆ, ಅದು ಕಡೆಗಣಿಸುವುದು. ಒಬ್ಬನೇ ಆಟಗಾರನ ಬಾಳಿನಲ್ಲಿ ಈ ಮೂರೂ ಬೆರೆತಿರಬಹುದು. ಬೆರಕೆಯನ್ನು ಬಿಡಿಸಿ ನೋಡುವುದೇ ನಮ್ಮ ಆಟವೆಂದು ನಿರ್ಣಯಿಸಿದೆವು.

ಆರಂಭದ ಆಟಗಾರನಾಗಿ ಬುಧಿ ಕುಂದರನ್ ಅವರ ಹೆಸರು ಬರೆದೆ. ಹುಡುಗರಲ್ಲಿ ಯಾರೂ ಕೇಳಿರಲಿಲ್ಲ. 1939ರಲ್ಲಿ ಮುಲ್ಕಿಯಲ್ಲಿ ಹುಟ್ಟಿದ ಈ ವಿಕೆಟ್ ಕೀಪರ್ 1960ರ ಜನವರಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಮುಂಬಯಿಯಲ್ಲಿ ಟೆಸ್ಟ್ ಆಡಿದಾಗ ಅವರಿನ್ನೂ ಒಂದೂ ರಣಜಿ ಪಂದ್ಯ ಆಡಿರಲಿಲ್ಲ. ಆಮೇಲೆ ರೈಲ್ವೆ ತಂಡಕ್ಕೆ ಮೊದಲ ರಣಜಿ ಪಂದ್ಯವಾಡಿ ದ್ವಿಶತಕ ಹೊಡೆದರು. 1964ರಲ್ಲಿ ಇಂಗ್ಲೆಂಡಿನ ವಿರುದ್ಧ ಮದರಾಸಿನಲ್ಲಿ 192, ಆ ಸರಣಿಯಲ್ಲಿ ಒಟ್ಟು 525 ರನ್ನುಗಳು. ಇಷ್ಟಾದರೂ ಅವರಿಗೆ ದೊರೆತದ್ದು 18 ಟೆಸ್ಟುಗಳು ಮಾತ್ರ, ಏಕೆಂದರೆ ಅದೇ ಕಾಲದಲ್ಲಿ ಅದೇ ಕೆಲಸಕ್ಕೆ ಫರೂಕ್ ಇಂಜಿನಿಯರ್ ಇದ್ದರು. ಕೊನೆಯ ಟೆಸ್ಟು 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ. ನಾಲ್ವರು ಸ್ಪಿನ್ನರುಗಳನ್ನು ಒಟ್ಟಿಗೆ ಆಡಿಸಿದ ಆ ತಂಡದಲ್ಲಿ ಹೊಸ ಚೆಂಡು ಹಿಡಿಯುವವರೇ ಇರಲಿಲ್ಲ. ಆ ಕೆಲಸ ಕುಂದರನ್ನರಿಗೂ ಮೈಸೂರಿನ ನಾಯಕ ವಿ. ಸುಬ್ರಹ್ಮಣ್ಯ ಅವರಿಗೂ ಬಿತ್ತು. ಕೀಪರನ ಕೈಯಲ್ಲಿ ಹೊಸ ಚೆಂಡು ಕೊಟ್ಟು ಬೀಳ್ಕೊಟ್ಟ ದೃಷ್ಟಾಂತ ಟೆಸ್ಟ್ ಚರಿತ್ರೆಯಲ್ಲಿ ಹೆಚ್ಚಿರಲಾರದು. ಅವರು ಮುಂದೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಅಲ್ಲಿಯೇ ತೀರಿಕೊಂಡರು.

ಅವರ ಜೊತೆಗಾರ ಸುಜಿತ್ ಸೋಮಸುಂದರ್. ಈ ಹೆಸರಿನೊಡನೆ ನನ್ನ ಪ್ರೌಢಶಾಲೆಯ ದಿನಗಳು ಹೆಣೆದುಕೊಂಡಿವೆ. 1996ರ ಟೈಟನ್ ಕಪ್ಪಿನಲ್ಲಿ ಸಚಿನ್ ತೆಂಡೂಲ್ಕರರ ಜೊತೆಗೆ ಆರಂಭಕ್ಕೆ ಇಳಿದವರು ಇವರು. ಒಟ್ಟು ಎರಡೇ ಪಂದ್ಯ. ಎರಡನೆಯದು ಅವರದೇ ಊರಾದ ಬೆಂಗಳೂರಿನಲ್ಲಿ, ಆಸ್ಟ್ರೇಲಿಯದ ವಿರುದ್ಧ. ಆ ಇರುಳು ಶ್ರೀನಾಥ್ ಮತ್ತು ಕುಂಬ್ಳೆ ಒಂಬತ್ತನೆಯ ವಿಕೆಟ್ಟಿಗೆ ಜೊತೆಗೂಡಿ ಸೋತ ಪಂದ್ಯವನ್ನು ಗೆಲ್ಲಿಸಿದ ಕಥೆಯನ್ನು ನಾಡಿನ ಮಕ್ಕಳೆಲ್ಲ ಬಲ್ಲರು. ಅದೇ ಇನ್ನಿಂಗ್ಸನ್ನು ಆರಂಭಿಸಿದವರಾರೆಂದು ಕೇಳಿದರೆ ಮೌನ. ಒಂದೇ ಇರುಳಿನಲ್ಲಿ ಒಂದೇ ಮೈದಾನದಲ್ಲಿ ಇಬ್ಬರು ಕನ್ನಡಿಗರು ದಂತಕಥೆಯಾದರು, ಮೂರನೆಯವರು ಅಡಿಟಿಪ್ಪಣಿಯಾದರು.

ಮೂರನೆಯ ಸ್ಥಾನಕ್ಕೆ ಕನ್ನಡಕ ತೊಟ್ಟ ವಿಜಯ್ ಭಾರದ್ವಾಜ್. 1998-99ರ ರಣಜಿ ಋತುವಿನಲ್ಲಿ ಅವರು ಹೊಡೆದದ್ದು 1280 ರನ್ನು. ಮರುವರ್ಷ ನೈರೋಬಿಯಲ್ಲಿ ನಡೆದ ಪಂದ್ಯಾವಳಿಯಲ್ಲಿ, ಮೊದಲ ಅಂತರರಾಷ್ಟ್ರೀಯ ಸರಣಿಯಲ್ಲಿಯೇ, ಸರಣಿಯ ಶ್ರೇಷ್ಠ ಆಟಗಾರರೆನಿಸಿದರು. ಮುಂದೆ? ಒಟ್ಟು 3 ಟೆಸ್ಟು, 10 ಏಕದಿನ ಪಂದ್ಯ. ಬಾಗಿಲಲ್ಲಿ ತೋರಣ ಕಟ್ಟಿ ಸ್ವಾಗತಿಸಿದ ಮನೆಯೇ ಹಿತ್ತಲ ಬಾಗಿಲಿನಿಂದ ಕಳಿಸಿಕೊಟ್ಟ ಹಾಗಾಯಿತು.

ನಾಲ್ಕನೆಯವರ ವಿಷಯದಲ್ಲಿ ತರಗತಿ ಎರಡು ಪಕ್ಷವಾಯಿತು. ಕರುಣ್ ನಾಯರ್ ಕಡೆಗಣಿತರೆಂದರೆ ಹೇಗೆ, ಅವರ ಹೆಸರು ಎಲ್ಲರಿಗೂ ಗೊತ್ತಲ್ಲವೆ ಎಂದು ಒಂದು ಪಕ್ಷ. 2016ರ ಡಿಸೆಂಬರಿನಲ್ಲಿ, ತಮ್ಮ ಮೂರನೆಯ ಟೆಸ್ಟಿನಲ್ಲಿ, ಇಂಗ್ಲೆಂಡಿನ ವಿರುದ್ಧ ಚೆನ್ನೈಯಲ್ಲಿ ಔಟಾಗದೆ 303. ಮೊತ್ತಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿ ಬೆಳೆಸಿದವರು ಅವರಿಗೆ ಮುನ್ನ ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್ ಇಬ್ಬರೇ. ಮರು ಟೆಸ್ಟಿನಲ್ಲಿ, ಗಾಯದಿಂದ ಗುಣವಾಗಿ ಬಂದ ಅಜಿಂಕ್ಯ ರಹಾನೆಯವರಿಗೆ ಜಾಗ ಕೊಟ್ಟು ಇವರು ಹೊರಗೆ ಕೂತರು. ಆಮೇಲೆ ಮೂರು ಟೆಸ್ಟು ಆಡಿ, 2017ರ ಮಾರ್ಚಿನಲ್ಲಿ ಹೊರಗೆ ಹೋದವರು ಮತ್ತೆ ಒಳಗೆ ಬಂದದ್ದು 2025ರ ಜೂನಿನಲ್ಲಿ. ನಡುವಣ ಕಾಲದಲ್ಲಿ ರಾಜ್ಯತಂಡವೂ ಕೈತಪ್ಪಿ ವಿದರ್ಭಕ್ಕೆ ಹೋಗಿ ಆಡಬೇಕಾಯಿತು. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟು ಆಡಿಸಿ, ಮುಂದಿನ ಸರಣಿಗೆ ಮತ್ತೆ ಬಿಟ್ಟರು. ಎಂಟು ವರ್ಷ ಕಾದವನ ಹೆಸರು ಗೊತ್ತಿದ್ದರೆ ಸಾಲದು, ಆ ಎಂಟು ವರ್ಷವೂ ಗೊತ್ತಿರಬೇಕೆಂದು ಇನ್ನೊಂದು ಪಕ್ಷದವರು ವಾದಿಸಿ ಗೆದ್ದರು.

ಐದನೆಯವರು ಸ್ಟುವರ್ಟ್ ಬಿನ್ನಿ. 2014ರ ಜೂನಿನಲ್ಲಿ ಮೀರ್‌ಪುರದಲ್ಲಿ ಭಾರತ 105ಕ್ಕೆ ಉರುಳಿದ ಪಂದ್ಯದಲ್ಲಿ ಬಾಂಗ್ಲಾದೇಶವನ್ನು 58ಕ್ಕೆ ಉರುಳಿಸಿದವರು. 4 ರನ್ನಿಗೆ 6 ವಿಕೆಟ್. ಏಕದಿನ ಪಂದ್ಯಗಳಲ್ಲಿ ಕುಂಬ್ಳೆಯವರ ಭಾರತೀಯ ದಾಖಲೆಯನ್ನು ಅಳಿಸಿ ಬರೆದದ್ದು ಆ ದಿನ. 2016ರ ಆಗಸ್ಟಿನಲ್ಲಿ ಅಮೆರಿಕೆಯ ಮೈದಾನದಲ್ಲಿ ವೆಸ್ಟ್ ಇಂಡೀಸಿನ ಎದುರಿಗೆ ಅವರ ಒಂದೇ ಓವರಿನಲ್ಲಿ 32 ರನ್ನು ಹೋದುವು. ಭಾರತ ಒಂದು ರನ್ನಿನಿಂದ ಸೋತಿತು. ಜನ ಎರಡನೆಯದನ್ನೇ ನೆನೆಯುತ್ತಾರೆ. ನಾಲ್ಕು ರನ್ನಿನ ಹಗಲನ್ನು ಮೂವತ್ತೆರಡು ರನ್ನಿನ ಓವರು ನುಂಗಿಹಾಕಿತು.

ವಿಕೆಟ್ಟಿನ ಹಿಂದೆ ನಿಲ್ಲಲು ಕುಂದರನ್ ಇದ್ದರೂ ಸದಾನಂದ ವಿಶ್ವನಾಥರನ್ನು ಬಿಡಲು ನಾನು ಒಪ್ಪಲಿಲ್ಲ. 1985ರ ಮಾರ್ಚಿನಲ್ಲಿ ಆಸ್ಟ್ರೇಲಿಯದಲ್ಲಿ ಭಾರತ ವಿಶ್ವ ಚಾಂಪಿಯನ್‌ಷಿಪ್ ಗೆದ್ದಾಗ ಚುರುಕುಗಣ್ಣಿನಿಂದ ಗೂಟಗಳನ್ನು ಕಾದ ಬೆಂಗಳೂರಿನ ತರುಣ. ಅಂತಿಮ ಪಂದ್ಯದಲ್ಲಿ ಶಿವರಾಮಕೃಷ್ಣನ್ ಎಸೆದ ಚೆಂಡನ್ನು ಹಿಡಿದು ಜಾವೇದ್ ಮಿಯಾಂದಾದರನ್ನು ಸ್ಟಂಪ್ ಮಾಡಿದ ಕೈಗಳು ಇವರವು. ಮೂರು ಟೆಸ್ಟುಗಳಲ್ಲಿ ಕಥೆ ಮುಗಿಯಿತು. ಮುಂದೆ ಅಂಪೈರಾಗಿ ಅದೇ ಗೂಟಗಳ ಇನ್ನೊಂದು ಬದಿಯಲ್ಲಿ ನಿಂತರು. ಕುಂದರನ್ ಹೇಗೂ ಹೊಸ ಚೆಂಡು ಹಾಕಬಲ್ಲರೆಂದು ಹುಡುಗರೇ ಸಮಾಧಾನ ಹೇಳಿದರು.

ಏಳನೆಯ ಹೆಸರಿಗೆ ನಮ್ಮ ಕಡೆಯ ಹುಡುಗರ ಮುಖ ಅರಳಿತು. ಸುನಿಲ್ ಜೋಶಿ ಗದುಗಿನವರು. ಎಳವೆಯಲ್ಲಿ ಬೆಳಗಿನ ಜಾವ ಗದುಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಗಂಟೆಗೆ ಮರಳುತ್ತಿದ್ದವರು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರು, ಆರು ಮೇಡನ್, ಆರು ರನ್ನು, ಐದು ವಿಕೆಟ್. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ಆಡಿದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ಟೂ 92 ರನ್ನೂ ಗಳಿಸಿ ಪಂದ್ಯಶ್ರೇಷ್ಠರಾದರು. ಪ್ರಥಮ ದರ್ಜೆಯಲ್ಲಿ 600ಕ್ಕೂ ಮಿಕ್ಕಿ ವಿಕೆಟ್ಟು, 5000ಕ್ಕೂ ಮಿಕ್ಕಿ ರನ್ನು; ಟೆಸ್ಟುಗಳು ಮಾತ್ರ 15. ಕುಂಬ್ಳೆಯವರ ನೆರಳಿನಲ್ಲಿ ಇನ್ನೊಬ್ಬ ಸ್ಪಿನ್ನರಿಗೆ ಬಿಸಿಲು ಸಿಗುವುದು ಕಷ್ಟವಾಗಿತ್ತು. 2020ರ ಮಾರ್ಚಿನಲ್ಲಿ ಇವರೇ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಬಾಗಿಲ ಹೊರಗೆ ಬಹುಕಾಲ ನಿಂತವನಿಗೆ ಬಾಗಿಲು ಕಾಯುವ ಕೆಲಸ ಬಂದದ್ದನ್ನು ವಿಧಿಯ ವಿನೋದವೆನ್ನಬೇಕೋ, ನ್ಯಾಯವೆನ್ನಬೇಕೋ, ನನಗೆ ತಿಳಿಯದು.

ವೇಗಕ್ಕೆ ಇಬ್ಬರು. ದಾವಣಗೆರೆಯ ವಿನಯ್ ಕುಮಾರ್ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಪಡೆದವರು. ಇವರ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡೆರಡು ಬಾರಿ ಗೆದ್ದಿತು. ಅವರಾಡಿದ ಟೆಸ್ಟು ಒಂದೇ ಒಂದು, 2012ರ ಜನವರಿಯಲ್ಲಿ ಪರ್ತಿನಲ್ಲಿ. ಡೇವಿಡ್ ವಾರ್ನರ್ 180 ಹೊಡೆದ ದಿನಗಳವು. ಇವರ ಪಾಲಿಗೆ 73 ರನ್ನಿಗೆ ಒಂದು ವಿಕೆಟ್. ಇಪ್ಪತ್ತು ವರ್ಷದ ಬೆವರನ್ನು ಒಂದು ಮಧ್ಯಾಹ್ನದಿಂದ ತೂಗಿದ ತಕ್ಕಡಿಯದು. ಇನ್ನೊಬ್ಬರು ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್. 1995-96ರಲ್ಲಿ ಕೇರಳದ ವಿರುದ್ಧ ಒಂದು ಪಂದ್ಯದಲ್ಲಿ ಹತ್ತು ವಿಕೆಟ್ ಕಿತ್ತ ಬಿರುಸಿನ ಎಸೆತಗಾರ. 1996ರ ಅಕ್ಟೋಬರಿನಲ್ಲಿ, ಶ್ರೀನಾಥ್ ಗಾಯಗೊಂಡಿದ್ದಾಗ, ಆಸ್ಟ್ರೇಲಿಯದ ವಿರುದ್ಧ ದೆಹಲಿಯಲ್ಲಿ ಒಂದು ಟೆಸ್ಟು, ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಇನ್ನೊಂದು, ಮೂರು ವಿಕೆಟ್, ಮುಗಿಯಿತು. 2024ರ ಜೂನ್ 20ರಂದು ಬೆಂಗಳೂರಿನಲ್ಲಿ, 52ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡ ಸುದ್ದಿ ಬಂತು. ಅವರ ಹೆಸರನ್ನು ನಮ್ಮ ಹುಡುಗರಲ್ಲಿ ಬಹುಮಂದಿ ಮೊದಲ ಸಲ ಓದಿದ್ದು ಆ ಮರಣವಾರ್ತೆಯಲ್ಲಿ. ಇದನ್ನು ಅವರು ಹೇಳಿದಾಗ ಹಲಗೆಯ ಮುಂದೆ ನನ್ನ ಕೈ ಒಂದು ಕ್ಷಣ ನಿಂತಿತು.

ಹತ್ತನೆಯವರು ಪುತ್ತೂರಿನ ರಘುರಾಮ ಭಟ್. 1981-82ರ ರಣಜಿ ಸೆಮಿಫೈನಲ್. ಬೆಂಗಳೂರಿನಲ್ಲಿ ಬಲಾಢ್ಯ ಮುಂಬಯಿ ತಂಡ. ಮೊದಲ ಇನ್ನಿಂಗ್ಸಿನಲ್ಲಿ ಭಟ್ಟರು ಹ್ಯಾಟ್‌ಟ್ರಿಕ್ ಸಹಿತ 123 ರನ್ನಿಗೆ 8 ವಿಕೆಟ್ ಪಡೆದರು. ಎರಡನೆಯ ಇನ್ನಿಂಗ್ಸಿನಲ್ಲಿ ಅವರ ಎಡಗೈ ತಿರುವನ್ನು ಎದುರಿಸಲು ಸುನಿಲ್ ಗಾವಸ್ಕರರೇ ಎಡಗೈ ಆಟಗಾರರಾಗಿ ನಿಂತರು. ಲೋಕದ ಶ್ರೇಷ್ಠ ಬಲಗೈ ದಾಂಡಿಗನೊಬ್ಬ ತನ್ನ ಕೈಯನ್ನೇ ಬದಲಾಯಿಸಿಕೊಂಡನೆಂದರೆ ಎದುರಾಳಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ? ಟೆಸ್ಟಿನಲ್ಲಿ ಅವರ ಮೊದಲ ಬಲಿ ಜಾವೇದ್ ಮಿಯಾಂದಾದ್. 1983ರಲ್ಲಿ ಆಡಿದ ಎರಡು ಟೆಸ್ಟುಗಳಲ್ಲಿ ನಾಲ್ಕು ವಿಕೆಟ್; ಪ್ರಥಮ ದರ್ಜೆಯಲ್ಲಿ 374. ಎಡಗೈ ಸ್ಪಿನ್ನರುಗಳ ಹಣೆಬರಹವೇ ಹೀಗೆಂದು ತೋರುತ್ತದೆ. ರಣಜಿಯಲ್ಲಿ 637 ವಿಕೆಟ್ ಪಡೆದ ಹರಿಯಾಣದ ರಾಜಿಂದರ್ ಗೋಯಲ್ ಬೇಡಿಯವರ ಕಾಲದಲ್ಲಿ ಹುಟ್ಟಿದ ತಪ್ಪಿಗೆ ಒಂದೂ ಟೆಸ್ಟ್ ಆಡಲಿಲ್ಲ. ಹುಕ್ಕೇರಿಯ ಹುಡುಗಿ ಈಗ ಸುಮ್ಮನಾದಳು. ನಾಲ್ಕು ವಿಕೆಟ್ಟಿನ ಮಾತು ಅವಳದೇ ಆಗಿತ್ತು.

ಹನ್ನೊಂದನೆಯ ಹೆಸರನ್ನು, ಅವರೇ ನಾಯಕರೂ ಆಗಬೇಕೆಂಬ ಕಾರಣಕ್ಕೆ, ನಾನು ಕೊನೆಗೆ ಇಟ್ಟುಕೊಂಡಿದ್ದೆ. ಪಾಳವಣಕರ ಬಾಳೂ. ಧಾರವಾಡದಲ್ಲಿ ಹುಟ್ಟಿದವರು, ದಲಿತರು. ಪುಣೆಯಲ್ಲಿ ಮೈದಾನ ಗುಡಿಸಿ ನೀರು ಹೊಡೆಯುವ ಆಳಾಗಿ, ತಿಂಗಳಿಗೆ ಮೂರು ನಾಲ್ಕು ರೂಪಾಯಿಗೆ ದುಡಿಯುತ್ತ, ಬ್ರಿಟಿಷ್ ಆಟಗಾರರಿಗೆ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ನಿನ ಮಹಾಗುರುವಾದರು. ಪುಣೆಯ ಹಿಂದೂಗಳ ತಂಡ ಅವರನ್ನು ಆಡಿಸಿಕೊಂಡಿತು. ಆದರೆ ಚಹದ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹ. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಅವರು ಮುಟ್ಟಿದ ಬಟ್ಟಲನ್ನು ಮುಟ್ಟಲಿಲ್ಲ. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದ್ದರಲ್ಲಿ ಅವರ ಎಂಟು ವಿಕೆಟ್ಟುಗಳಿದ್ದುವು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ತಂಡ ಸೋಲುತ್ತ ಬಂತು, ಬಾಳೂ ಮಾತ್ರ 114 ವಿಕೆಟ್ ಪಡೆದರು.

“ಅದು ಟೆಸ್ಟ್ ಅಲ್ಲಲ್ರಿ ಸರ” ಎಂದು ಒಬ್ಬ ನಿಯಮವನ್ನು ನೆನಪಿಸಿದ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಭಾರತದ ಹೆಸರಿನಲ್ಲಿ ಆಡಿದವನನ್ನು ನಿಯಮದ ಹೆಸರಿನಲ್ಲಿ ಹೊರಗಿಡುವುದಾದರೆ ನಾವೂ ಆ ಮಣ್ಣಿನ ಕುಡಿಕೆಯವರೇ ಆದೇವು ಎಂದೆ. ಒಪ್ಪಿದರು. ಅವರಿಗೆ ನಾಯಕತ್ವ ಕೊಡಲು ಹಿಂದೂಗಳ ತಂಡ ಎಂದೂ ಮನಸ್ಸು ಮಾಡಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ತಾವೂ ಆಡುವುದಿಲ್ಲವೆಂದು ಹಿಂದೆ ಸರಿದರು. ಕೋಲಾಹಲವಾಗಿ, ಕೊನೆಗೆ ಬಾಳೂ ಉಪನಾಯಕರಾದರು. 1923ರಲ್ಲಿ ವಿಠ್ಠಲ ನಾಯಕರಾದರು. ಅಣ್ಣನಿಗೆ ಸಲ್ಲದ ಪೀಠ ತಮ್ಮನಿಗೆ ಸಂದಿತು. ನಮ್ಮ ಹಲಗೆಯ ಮೇಲೆ, ನೂರು ವರ್ಷ ತಡವಾಗಿ, ಬಾಳೂ ಅವರ ಹೆಸರಿನ ಮುಂದೆ ನಾಯಕನೆಂದು ಬರೆದೆವು. ಅದರಿಂದ ಯಾರಿಗೂ ಏನೂ ಆಗಲಿಲ್ಲವೆಂಬುದು ನನಗೆ ಗೊತ್ತಿದೆ. ಆದರೂ ಬರೆದೆವು.

ತಂಡ ಮುಗಿಯಿತೆಂದು ಸುಣ್ಣದ ಕಡ್ಡಿ ಕೆಳಗಿಡುವಷ್ಟರಲ್ಲಿ ಗದ್ದಲವೆದ್ದಿತು. ದೊಡ್ಡ ಗಣೇಶ್ ಎಲ್ಲಿ? ನಾಲ್ಕು ಟೆಸ್ಟು, ಪ್ರಥಮ ದರ್ಜೆಯಲ್ಲಿ 365 ವಿಕೆಟ್ಟು. ಅಭಿಮನ್ಯು ಮಿಥುನ್ ಎಲ್ಲಿ? ರಣಜಿಯ ಮೊದಲ ಪಂದ್ಯದಲ್ಲಿಯೇ ಹ್ಯಾಟ್‌ಟ್ರಿಕ್, ವಿಜಯ್ ಹಜಾರೆ ಫೈನಲ್ಲಿನಲ್ಲಿ ತನ್ನ ಹುಟ್ಟುಹಬ್ಬದಂದೇ ಇನ್ನೊಂದು, 2019ರಲ್ಲಿ ಒಂದೇ ಓವರಿನಲ್ಲಿ ಐದು ವಿಕೆಟ್. ಒಂದೇ ಏಕದಿನ ಪಂದ್ಯ ಆಡಿದ ಸುಧಾಕರ ರಾವ್? ಕೃಷ್ಣಪ್ಪ ಗೌತಮ್? ಕುಂದರನ್ನರ ಜೊತೆ ಹೊಸ ಚೆಂಡು ಹಿಡಿದ ಸುಬ್ರಹ್ಮಣ್ಯ? “ಮೂರ ಮಂದಿ ಎಡಗೈ ಸ್ಪಿನ್ನರ್‌ನ ತೊಗೊಂಡು ಮಿಥುನ್‌ನ ಬಿಟ್ಟೀರಲ್ರಿ ಸರ, ಇದ್ಯಾವ ನ್ಯಾಯ?” ಬೆಳಗಾವಿಯ ರೋನಿತ್ ಮೋರೆ ನಮ್ಮ ಜಿಲ್ಲೆಯವರೆಂದು ಇನ್ನೊಬ್ಬ. ಅವರು ಕರ್ನಾಟಕಕ್ಕೆ ಆಡಿದರು, ಭಾರತಕ್ಕೆ ಆಡಲಿಲ್ಲವೆಂದು ನಿಯಮ ತೋರಿಸಿದೆ. 2019ರಲ್ಲಿ ಬೆಳಗಾವಿಯ ಮೈದಾನದಲ್ಲಿಯೇ ಭಾರತ ‘ಎ’ ತಂಡಕ್ಕಾಗಿ 233 ಹೊಡೆದ ಬಂಗಾಲದ ಅಭಿಮನ್ಯು ಈಶ್ವರನ್, 2025ರ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾಗಿಯೂ ಐದು ಟೆಸ್ಟುಗಳಲ್ಲಿ ಒಂದನ್ನೂ ಆಡದೆ ಮರಳಿದ್ದನ್ನು ಮತ್ತೊಬ್ಬ ನೆನಪಿಸಿದ.

ಎಲ್ಲಕ್ಕೂ ಕೊನೆಗೆ ಹುಕ್ಕೇರಿಯ ಹುಡುಗಿ ಮೆಲ್ಲನೆ ಕೇಳಿದಳು: “ಹನ್ನೊಂದರಾಗ ಒಬ್ಬ ಹೆಣ್ಣಮಗಳೂ ಇಲ್ಲಲ್ರಿ ಸರ. ನಿಯಮದಾಗ ಗಂಡಸರೇ ಇರಬೇಕಂತ ಬರದಿರಲಿಲ್ಲಲ್ಲಾ?” ನಾನು ಹಲಗೆಯ ನಿಯಮಗಳನ್ನು ಮತ್ತೆ ಓದಿದೆ. ಬರೆದಿರಲಿಲ್ಲ. ಭಾರತದ ಮಹಿಳಾ ತಂಡಕ್ಕೆ 1976ರಲ್ಲಿ ಮೊದಲ ಟೆಸ್ಟ್ ಗೆಲುವು ತಂದ ನಾಯಕಿ ಶಾಂತಾ ರಂಗಸ್ವಾಮಿ ಬೆಂಗಳೂರಿನವರು. 2004ರಲ್ಲಿ ಶ್ರೀಲಂಕೆಯ ವಿರುದ್ಧ 10 ರನ್ನಿಗೆ 6 ವಿಕೆಟ್ ಪಡೆದ ಮಮತಾ ಮಾಬೆನ್ ಕರ್ನಾಟಕದವರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದ ರಾಜೇಶ್ವರಿ ಗಾಯಕವಾಡ ನಮ್ಮ ಪಕ್ಕದ ವಿಜಯಪುರದವರು. ಇವರ ಹೆಸರು ನನಗೆ ಗೊತ್ತಿರಲಿಲ್ಲವೆಂದಲ್ಲ. ಬರೆಯುವ ಹೊತ್ತಿಗೆ ನೆನಪೇ ಆಗಲಿಲ್ಲ. ಗಂಟೆಯ ಮೊದಲು ನಾನು ಅಷ್ಟು ಗಂಭೀರವಾಗಿ ಬಿಡಿಸಿ ಹೇಳಿದ ಮೂರನೆಯ ಶಬ್ದಕ್ಕೆ ನಾನೇ ದೃಷ್ಟಾಂತವಾದೆ.

ಇದೇ ಮೊದಲ ಸಲವೂ ಅಲ್ಲ. ಹತ್ತು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಅಂತರಕಾಲೇಜು ಪಂದ್ಯಗಳಿಗೆ ತಂಡ ಆರಿಸಬೇಕಾಗಿತ್ತು. ಸಮಿತಿಗೆ ಮೂರನೆಯ ಸದಸ್ಯ ಬೇಕೆಂದು ನನ್ನನ್ನು ಸೇರಿಸಿದ್ದರು. ಕೊನೆಯ ಸ್ಥಾನಕ್ಕೆ ಇಬ್ಬರು ಹುಡುಗರಿದ್ದರು. ಒಬ್ಬನ ಬಳಿ ಬಿಳಿಯ ಉಡುಪು, ಸ್ವಂತ ದಾಂಡು, ಬೂಟು. ಇನ್ನೊಬ್ಬ ಕಬ್ಬು ಕಡಿದ ಹೊಲದಲ್ಲಿ ರಬ್ಬರು ಚೆಂಡಿನಿಂದ ಕಲಿತವನು. ಬರಿಗಾಲಿನಲ್ಲಿ ಓಡಿಬಂದು ಎಸೆದ. ಉಳಿದಿಬ್ಬರ ಮತ ಒಂದೊಂದು ಕಡೆಗೆ ಬಿದ್ದು ನನ್ನ ಮಾತಿಗೆ ಬಂದು ನಿಂತಿತು. ನಾನು ಮೊದಲನೆಯವನ ಹೆಸರು ಹೇಳಿದೆ.

ಆ ಎರಡನೆಯ ಹುಡುಗ ಮೂರು ವರ್ಷಗಳ ತರುವಾಯ ಮೂಡಲಗಿಯ ಬಸ್ ನಿಲ್ದಾಣದಲ್ಲಿ ಭೆಟ್ಟಿಯಾದ. ಓದು ಬಿಟ್ಟು ಕಬ್ಬಿನ ಲಾರಿಯ ಲೆಕ್ಕ ಬರೆಯುತ್ತಿದ್ದ. “ಆರಾಮ ಅದೀರೇನ್ರಿ ಸರ?” ಎಂದು ಕಾಲುಮುಟ್ಟಿ ನಮಸ್ಕರಿಸಿ, ಬೇಡವೆಂದರೂ ಚಹ ತರಿಸಿದ. ಬಸ್ಸು ಬಂದಾಗ, ನಗುತ್ತಲೇ, ಒಂದು ಮಾತು ಕೇಳಿದ: “ಅವತ್ತ ನಾ ಹಾಕಿದ್ದ ನೀವು ನೋಡಿದ್ರೇನ್ರಿ ಸರ?” ನೋಡಿದ್ದೆನೆಂದು ಹೇಳಿ ಬಸ್ಸು ಹತ್ತಿದೆ. ನಿಜವಾಗಿ ಅವನು ಎಸೆಯುತ್ತಿದ್ದಾಗ ನಾನು ಹುಣಿಸೆಯ ಮರದ ಕೆಳಗೆ ಕುಳಿತು ವಿಶೇಷ ಸಂಚಿಕೆಯೊಂದರ ಕರಡು ತಿದ್ದುತ್ತಿದ್ದೆ. ಅವನು ಸೋತವನಲ್ಲ. ಕೈಬಿಟ್ಟವನೂ ಅಲ್ಲ. ನೋಡಿ ಬಿಟ್ಟಿದ್ದರೆ ಇಂದು ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಯ್ಕೆಯೆಂದರೆ ಬಿಡುವುದು. ಹನ್ನೊಂದು ಹೆಸರಿಗೆ ಜಾಗವಿರುವ ಹಾಳೆಯಲ್ಲಿ ಹನ್ನೆರಡನೆಯವನು ಹೊರಗುಳಿಯಲೇಬೇಕು. ಇದರಲ್ಲಿ ಪಾಪವಿಲ್ಲ. ಸಂಕೇಶ್ವರದ ಕಡೆಯಿಂದ ಹರಿದುಬಂದು ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡುತ್ತಾಳೆ. ಗೋಕಾಕದಲ್ಲಿ ಧುಮುಕುವ ನೀರಿನಲ್ಲಿ ಅವಳ ಪಾಲೂ ಇದೆ. ನೋಡಲು ಬಂದವರು ಘಟಪ್ರಭೆಯ ಹೆಸರನ್ನಷ್ಟೇ ಹೇಳುತ್ತಾರೆ. ಎಲ್ಲ ನೀರಿಗೂ ಹೆಸರು ಹಚ್ಚುವುದು ಆಗದ ಮಾತು. ಆದರೆ ಹುಕ್ಕೇರಿ ಸೀಮೆಯಲ್ಲಿ ಅವಳ ದಡದ ಮೇಲೆ ನಿಂತವನಾದರೂ ಅವಳನ್ನು ಹೆಸರು ಹಿಡಿದು ಕರೆಯಬೇಕಷ್ಟೆ.

ನೀರು ಇಳಿಯಿತು. ಸೇತುವೆ ತೆರೆಯಿತು. ಹುಡುಗರು ಮರಳಿ ಬಂದರು. ಪಾಠ ನಿಂತಲ್ಲಿಂದ ಮುಂದುವರಿಸಬೇಕಾಗಿತ್ತು. ನಾನು ಪೂರ್ವಕವಿಗಳ ಪಟ್ಟಿಯನ್ನು ಮತ್ತೊಮ್ಮೆ ಹೇಳಿದೆ. ಈ ಸಲ ಓಡಿಸದೆ, ಒಂದೊಂದು ಹೆಸರಿಗೂ ನಿಂತು ಹೇಳಿದೆ. ವಿಮಳ, ಉದಯ, ನಾಗಾರ್ಜುನ. ಮೂಡಲಗಿಯ ಹುಡುಗ ತಲೆಯೆತ್ತಿ ನೋಡಿದ. ಆಮೇಲೆ ಬಗ್ಗಿ, ಜಯಬಂಧು, ದುರ್ವಿನೀತ ಎಂದು ಬರೆದುಕೊಂಡ.